ಯಾವುದರ ಶೇಕಡಾ?

ಎಂಟು ಕೋರ್‌ಗಳಿರುವ ಒಂದು ಲಿನಕ್ಸ್ ಸರ್ವರ್. ಹತ್ತು ದಿನ ಸುಮ್ಮನೆ ಕೂತಿದ್ದ ಪ್ರೋಗ್ರಾಂ ಒಂದು ಕಳೆದ ಒಂದು ಗಂಟೆಯಿಂದ ಅದರ ನಾಲ್ಕು ಕೋರ್‌ಗಳನ್ನು ಪೂರ್ತಿ ಹಿಡಿದುಕೊಂಡಿದೆ ಎಂದಿಟ್ಟುಕೊಳ್ಳಿ. ಟಾಪ್ ಎಂಬ ಆದೇಶ ಕೊಟ್ಟು ನೋಡಿದರೆ ಅದರ ಸಿಪಿಯು ಬಳಕೆ ಶೇ 400. ಅದೇ ಟಾಪ್ ತೆರೆಯ ಮೇಲೆ ದೊಡ್ಡಕ್ಷರದ ಐ ಕೀಲಿ ಒತ್ತಿದರೆ ಶೇ 50. ಪಕ್ಕದ ಕಿಟಕಿಯಲ್ಲಿ ಪಿಎಸ್ ಎಂಬ ಇನ್ನೊಂದು ಆದೇಶ ಕೊಟ್ಟರೆ ಶೇ 1.6ರ ಆಸುಪಾಸು. ಮೂರೂ ಒಂದೇ ಯಂತ್ರದ, ಒಂದೇ ಗಳಿಗೆಯ, ಒಂದೇ ಪ್ರೋಗ್ರಾಮಿನ ಬಗೆಗಿನ ಉತ್ತರಗಳು. ಮೂರರಲ್ಲಿ ಯಾವುದೂ ಸುಳ್ಳಲ್ಲ.

ಹಿಂದಿನ ಸಲ ತೆರೆ ಬದಲಾದಾಗಿನಿಂದ ಈಗಿನವರೆಗೆ, ಅಂದರೆ ಕೆಲವೇ ಸೆಕೆಂಡುಗಳಲ್ಲಿ, ಪ್ರೋಗ್ರಾಂ ಎಷ್ಟು ಸಿಪಿಯು ಸಮಯ ಬಳಸಿತು ಎಂಬುದನ್ನು ಟಾಪ್ ನೋಡುತ್ತದೆ. ಒಂದು ಕೋರ್‌ಗೆ ನೂರು ಎಂಬುದು ಅದರ ಲೆಕ್ಕ. ಐ ಒತ್ತಿದರೆ ಎಲ್ಲ ಕೋರ್‌ಗಳೂ ಸೇರಿ ನೂರು. ಈ ಎರಡು ಪದ್ಧತಿಗಳಿಗೆ ಐರಿಕ್ಸ್, ಸೋಲಾರಿಸ್ ಎಂದು ಹೆಸರು. ಎರಡೂ ಹಳೆಯ ಯುನಿಕ್ಸ್ ತಳಿಗಳವು. ಐರಿಕ್ಸ್ ತಯಾರಿಸಿದ ಸಿಲಿಕಾನ್ ಗ್ರಾಫಿಕ್ಸ್ ಮುಳುಗಿ ಹೋಗಿ ಎಷ್ಟೋ ವರ್ಷವಾಯಿತು, ಆದರೆ ಆ ಕಾಲದ ಭಿನ್ನಮತ ಒಂದು ಕೀಲಿಯ ರೂಪದಲ್ಲಿ ಇವತ್ತಿಗೂ ಉಳಿದುಕೊಂಡಿದೆ. ಲಿನಕ್ಸಿನ ಪಿಎಸ್ ಮಾಡುವುದು ಬೇರೆಯೇ ಲೆಕ್ಕ. ಪ್ರೋಗ್ರಾಂ ಶುರುವಾದಂದಿನಿಂದ ಬಳಸಿದ ಒಟ್ಟು ಸಿಪಿಯು ಸಮಯವನ್ನು ಅದರ ಒಟ್ಟು ಆಯುಸ್ಸಿನಿಂದ ಅದು ಭಾಗಿಸುತ್ತದೆ. ಸುಮಾರು 240 ಗಂಟೆಗಳಲ್ಲಿ, ನಾಲ್ಕು ಕೋರ್‌ಗಳದೂ ಸೇರಿ ನಾಲ್ಕು ಗಂಟೆ, ಹಾಗಾಗಿ 1.6ರ ಆಸುಪಾಸು. ಫ್ರೀಬಿಎಸ್‌ಡಿಯಲ್ಲಿ ಇದೇ ಹೆಸರಿನ ಆದೇಶ ಇನ್ನೊಂದು ದಾರಿ ಹಿಡಿದು, ಹಿಂದಿನ ಒಂದು ನಿಮಿಷದವರೆಗಿನ ಬಳಕೆಗೆ ಹಳೆಯದಾದಷ್ಟೂ ಕಡಿಮೆ ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಆದೇಶ ಒಂದೇ, ಕಾಲಂನ ತಲೆಬರಹವೂ ಒಂದೇ, ಅರ್ಥ ಮಾತ್ರ ಬೇರೆ.

ಸಿಪಿಯು ಶೇಕಡಾ ಎಂದರೆ ಯಂತ್ರದೊಳಗೆ ಎಲ್ಲೋ ಒಂದು ಮಾಪಕ ಕೂತು ಓದಿ ಹೇಳುವ ಸಂಖ್ಯೆ ಎಂದು ನಾವು ನಂಬಿಬಿಟ್ಟಿದ್ದೇವೆ. ಅಂಥ ಮಾಪಕ ಎಲ್ಲೂ ಇಲ್ಲ. ಇರುವುದು ಕರ್ನಲ್, ಎಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು, ಬರೆದಿಟ್ಟ ಖಾತೆಪುಸ್ತಕ. ಯಾರ ಹೆಸರಿಗೆ ಖರ್ಚು ಬರೆಯಬೇಕು, ಎಷ್ಟು ಹೊತ್ತಿಗೊಮ್ಮೆ ಬರೆಯಬೇಕು, ಯಾವುದನ್ನು ಕೆಲಸ ಎಂದೂ ಯಾವುದನ್ನು ಬಿಡುವು ಎಂದೂ ಕರೆಯಬೇಕು, ಕೊನೆಗೆ ಯಾವುದರಿಂದ ಭಾಗಿಸಬೇಕು ಎಂಬುದನ್ನೆಲ್ಲ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಎಂಜಿನಿಯರುಗಳು ತಮ್ಮ ಅನುಕೂಲ ನೋಡಿಕೊಂಡು ತೀರ್ಮಾನಿಸಿದ್ದಾರೆ. ಹಾಗೆ ಹುಟ್ಟಿದ ಸಂಖ್ಯೆಯ ಮೇಲೆ ಇವತ್ತು ಹಣದ ತೀರ್ಮಾನಗಳು ನಡೆಯುತ್ತಿವೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಎಷ್ಟು ಸರ್ವರ್ ಬಾಡಿಗೆಗೆ ಹಿಡಿಯಬೇಕು, ಅಪರಾತ್ರಿಯಲ್ಲಿ ಯಾರನ್ನು ಎಬ್ಬಿಸಬೇಕು, ನಿಧಾನವಾದ ಆ್ಯಪ್‌ಗೆ ಯಾವ ತಂಡವನ್ನು ಹೊಣೆ ಮಾಡಬೇಕು ಎಂಬ ಪ್ರಶ್ನೆಗಳೆಲ್ಲ ಬಂದು ನಿಲ್ಲುವುದು ಈ ಶೇಕಡಾದ ಎದುರು. ಯಂತ್ರವನ್ನು ಯಾರು ತಿನ್ನುತ್ತಿದ್ದಾರೆ ಎಂದು ಹುಡುಕುವುದಕ್ಕೆ ಈ ಸಂಖ್ಯೆ ಚೆನ್ನಾಗಿ ಒದಗುತ್ತದೆ. ಯಂತ್ರದಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಎಂದು ತಿಳಿಯುವುದಕ್ಕೂ ಯಾರಿಗೆ ಎಷ್ಟು ಬಿಲ್ಲು ಹಾಕಬೇಕು ಎಂದು ನಿರ್ಧರಿಸುವುದಕ್ಕೂ ಅದನ್ನೊಂದನ್ನೇ ನೆಚ್ಚಿಕೊಳ್ಳುವುದು ತಪ್ಪು ಎಂಬುದು ನನ್ನ ವಾದ.

ಈ ಲೆಕ್ಕ ಹುಟ್ಟಿದ್ದೇ ಹಣದ ಕಾರಣಕ್ಕೆ. 1961ರ ನವೆಂಬರ್‌ನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿತು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವುದು ಸಾಧ್ಯವಾದದ್ದು ಅಂಥ ವ್ಯವಸ್ಥೆಗಳಿಂದ. ಲಕ್ಷಾಂತರ ಡಾಲರ್ ಬೆಲೆಯ ಯಂತ್ರವನ್ನು ಹತ್ತಾರು ಜನ ಹಂಚಿಕೊಂಡ ಮೇಲೆ ಯಾರು ಎಷ್ಟು ಬಳಸಿದರು ಎಂದು ಕೇಳದೆ ವಿಧಿಯಿಲ್ಲ. ಐಬಿಎಂನ ದೊಡ್ಡ ಯಂತ್ರಗಳಿಗೆ ಅದೇ ದಶಕದಲ್ಲಿ ಎಸ್‌ಎಂಎಫ್ ಎಂಬ ದಾಖಲೆ ವ್ಯವಸ್ಥೆ ಬಂತು, ಆ ದಾಖಲೆಗಳ ಮೇಲೆಯೇ ಕಂಪ್ಯೂಟರ್ ಕೇಂದ್ರಗಳು ಇಲಾಖೆಗಳಿಗೆ ಬಿಲ್ಲು ಬರೆದವು. ಮೇನ್‌ಫ್ರೇಮ್ ಜನರ ಒಂದು ರೂಢಿ ನನಗೆ ತುಂಬ ಹಿಡಿಸಿದೆ. ಯಂತ್ರ ದುಡಿದ ಒಟ್ಟು ಸಮಯದಲ್ಲಿ ಇಂಥವರ ಬಾಬ್ತು ಎಂದು ಖಚಿತವಾಗಿ ಬರೆಯಲು ಸಾಧ್ಯವಾದದ್ದು ಎಷ್ಟು ಪಾಲು ಎಂಬುದಕ್ಕೆ ಅವರು ಕ್ಯಾಪ್ಚರ್ ರೇಶಿಯೊ ಎಂಬ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಲೆಕ್ಕಕ್ಕೆ ಸಿಗದ ಪಾಲೊಂದು ಇದ್ದೇ ಇರುತ್ತದೆ ಎಂದು ಅವರು ಮೊದಲೇ ಒಪ್ಪಿಕೊಂಡಿದ್ದರು. ನಮ್ಮ ಲ್ಯಾಪ್‌ಟಾಪುಗಳ ತೆರೆಯ ಮೇಲೆ ಆ ಒಪ್ಪಿಗೆ ಕಾಣುವುದಿಲ್ಲ.

ಯುನಿಕ್ಸ್ ಈ ಲೆಕ್ಕವನ್ನು ಅತ್ಯಂತ ಅಗ್ಗದ ದಾರಿಯಲ್ಲಿ ಮಾಡಿತು. ಗಡಿಯಾರದ ಚಿಪ್ ಸೆಕೆಂಡಿಗೆ ಇಂತಿಷ್ಟು ಬಾರಿ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತದೆ. ಆ ಒಂದೊಂದು ತಡೆಗೂ ಟಿಕ್ ಎನ್ನುತ್ತಾರೆ. ಟಿಕ್ ಬಿದ್ದ ಗಳಿಗೆಯಲ್ಲಿ ಯಾವ ಪ್ರೊಸೆಸ್, ಎಂದರೆ ಚಾಲನೆಯಲ್ಲಿರುವ ಯಾವ ಪ್ರೋಗ್ರಾಂ, ಓಡುತ್ತಿತ್ತೋ ಅದರ ಹೆಸರಿಗೆ ಇಡೀ ಟಿಕ್ ಖರ್ಚು ಬೀಳುತ್ತದೆ. ರಸ್ತೆ ಕೆಲಸದ ಮೇಸ್ತ್ರಿ ಗಂಟೆಗೊಮ್ಮೆ ಬಂದು, ಆಗ ಗುದ್ದಲಿ ಹಿಡಿದು ನಿಂತಿದ್ದವರಿಗೆಲ್ಲ ಇಡೀ ಗಂಟೆಯ ಹಾಜರಿ ಬರೆದು ಹೋಗುವ ಹಾಗೆ. ಲಿನಕ್ಸಿನಲ್ಲಿ ಈ ಟಿಕ್ ಸಾಮಾನ್ಯವಾಗಿ ಸೆಕೆಂಡಿಗೆ 100, 250 ಅಥವಾ 1000 ಇರುತ್ತದೆ, ಕರ್ನಲ್ ಕಟ್ಟುವಾಗ ಆರಿಸಿಕೊಂಡಂತೆ. ವಿಂಡೋಸ್‌ನಲ್ಲಿ ಬಹುಕಾಲದಿಂದ ಸೆಕೆಂಡಿಗೆ 64, ಎಂದರೆ 15.6 ಮಿಲಿಸೆಕೆಂಡಿಗೊಂದು. ಮೂರು ಗಿಗಾಹರ್ಟ್ಸ್ ವೇಗದ ಕೋರ್ ಅಷ್ಟು ಹೊತ್ತಿನಲ್ಲಿ ನಾಲ್ಕೂವರೆ ಕೋಟಿಗೂ ಹೆಚ್ಚು ಆವರ್ತಗಳನ್ನು ಮುಗಿಸಿರುತ್ತದೆ. ಇಷ್ಟೆಲ್ಲವನ್ನೂ ಪುಸ್ತಕದಲ್ಲಿ ಒಂದೇ ಗೆರೆ ಎಳೆದು ಒಬ್ಬರ ಹೆಸರಿಗೆ ಬರೆದರೆ ಹೇಗೆ ಎನಿಸಬಹುದು. ಓಡುವ ಪ್ರೋಗ್ರಾಮುಗಳಿಗೂ ಗಡಿಯಾರಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೆ ಇದು ಕೆಟ್ಟ ಪದ್ಧತಿಯೇನಲ್ಲ. ಮಾದರಿ ಸಮೀಕ್ಷೆಯ ನಿಯಮದಂತೆ, ಸಾಕಷ್ಟು ಟಿಕ್‌ಗಳು ಕಳೆದ ಮೇಲೆ ತಪ್ಪುಗಳು ಒಂದಕ್ಕೊಂದು ವಜಾ ಆಗಿ ಸರಾಸರಿ ಸರಿಯಾಗಿಯೇ ಬರುತ್ತದೆ.

ತೊಂದರೆ ಎಂದರೆ, ಆ ಸಂಬಂಧ ಇದ್ದೇ ಇರುತ್ತದೆ. ಇಂತಿಷ್ಟು ಹೊತ್ತು ಮಲಗಿ ಆಮೇಲೆ ಎಬ್ಬಿಸು ಎಂದು ಕೇಳಿಕೊಂಡ ಪ್ರೊಸೆಸ್ಸನ್ನು ಎಬ್ಬಿಸುತ್ತಿದ್ದುದೂ ಅದೇ ಟಿಕ್. ಟಿಕ್ ಆದ ಕೂಡಲೇ ಎದ್ದು, ಮುಂದಿನ ಟಿಕ್ ಬರುವುದಕ್ಕೆ ಸ್ವಲ್ಪ ಮೊದಲು ಮತ್ತೆ ಮಲಗಿದರೆ ಲೆಕ್ಕದ ಕಣ್ಣಿಗೆ ಬೀಳುವುದೇ ಇಲ್ಲ. ಡ್ಯಾನ್ ಟ್ಸಾಫ್ರಿರ್, ಯೋಆವ್ ಎಟ್ಸಿಯನ್, ಡ್ರೋರ್ ಫೈಟೆಲ್ಸನ್ ಎಂಬ ಮೂವರು ಸಂಶೋಧಕರು 2007ರಲ್ಲಿ ಯೂಸ್‌ನಿಕ್ಸ್ ಭದ್ರತಾ ಸಮ್ಮೇಳನದಲ್ಲಿ ಇದನ್ನು ಮಾಡಿಯೇ ತೋರಿಸಿದರು. ಯಾವ ವಿಶೇಷ ಅಧಿಕಾರವೂ ಇಲ್ಲದ ಸಾಮಾನ್ಯ ಬಳಕೆದಾರನ ಪ್ರೋಗ್ರಾಂ ಪ್ರೊಸೆಸರಿನ ಬಹುಪಾಲನ್ನು ನುಂಗುತ್ತಿದ್ದರೂ ಅದರ ಹೆಸರಿನ ಮುಂದೆ ಸೊನ್ನೆ ಕಾಣುವಂತೆ ಮಾಡಬಹುದಿತ್ತು. ಅದು ನುಂಗಿದ್ದರ ಖರ್ಚು ಬೇರೆಯವರ ಖಾತೆಗೆ ಹೋಗುತ್ತಿತ್ತು. ಇನ್ನೂ ಸೋಜಿಗವೆಂದರೆ, ಪಾಪ, ಇವನು ಏನೂ ಬಳಸಿಲ್ಲ ಎಂದುಕೊಂಡ ಷೆಡ್ಯೂಲರ್, ಎಂದರೆ ಯಾರ ಸರದಿ ಎಂದು ನಿರ್ಧರಿಸುವ ಕರ್ನಲ್‌ನ ಭಾಗ, ಮುಂದಿನ ಸರದಿಯಲ್ಲಿ ಅವನಿಗೇ ಮೊದಲ ಮಣೆ ಹಾಕುತ್ತಿತ್ತು. ಅಂದಿನ ಲಿನಕ್ಸ್, ಫ್ರೀಬಿಎಸ್‌ಡಿ, ವಿಂಡೋಸ್ ಎಲ್ಲವೂ ಈ ಆಟಕ್ಕೆ ಸೋತವು. ಗಡಿಯಾರವನ್ನು ಬೇರೆ ರೀತಿ ಬಳಸುತ್ತಿದ್ದ ಮ್ಯಾಕ್ ಓಎಸ್ ಎಕ್ಸ್ ಮಾತ್ರ ಪಾರಾಯಿತು.

ಇದನ್ನು ಪ್ರಯೋಗಾಲಯದ ಚೇಷ್ಟೆ ಎಂದು ತಳ್ಳಿಹಾಕುವಂತಿಲ್ಲ. ನಾಲ್ಕು ವರ್ಷದ ನಂತರ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಉಪಾಯವನ್ನು ಜೆನ್ ಎಂಬ ವರ್ಚುಯಲೈಸೇಶನ್ ತಂತ್ರಾಂಶದ ಮೇಲೆ ಹೂಡಿದರು. ಅದರ ಷೆಡ್ಯೂಲರ್ ಕೂಡ ಹತ್ತು ಮಿಲಿಸೆಕೆಂಡಿಗೊಮ್ಮೆ ಇಣುಕಿ ನೋಡಿ ಖರ್ಚು ಬರೆಯುತ್ತಿತ್ತು. ಬಾಡಿಗೆ ಸರ್ವರುಗಳ ವ್ಯಾಪಾರ ನಿಂತಿರುವುದೇ ಅಂಥ ತಂತ್ರಾಂಶದ ಮೇಲೆ. ಒಬ್ಬ ಗಿರಾಕಿ ಇನ್ನೊಬ್ಬನ ದುಡ್ಡಿನಲ್ಲಿ ಕೆಲಸ ಮಾಡಿಸಿಕೊಳ್ಳುವ ದಾರಿ ಅಲ್ಲಿ ತೆರೆದಿತ್ತು. ಖಾತೆ ಬರೆಯುವ ಪದ್ಧತಿ ಬಹಿರಂಗವಾಗಿದ್ದು ಅದರ ಹೊತ್ತು ಗೊತ್ತಾಗಿಬಿಟ್ಟರೆ ಅದನ್ನು ವಂಚಿಸುವವರು ಹುಟ್ಟಿಕೊಳ್ಳುತ್ತಾರೆ, ಸಾಫ್ಟ್‌ವೇರ್ ಲೋಕವೇನೂ ಇದಕ್ಕೆ ಹೊರತಲ್ಲ.

ಪರಿಹಾರವೂ ಬಂತು. 2007ರ ಅಕ್ಟೋಬರಿನ 2.6.23ನೇ ಲಿನಕ್ಸ್ ಆವೃತ್ತಿಯೊಂದಿಗೆ ಇಂಗೊ ಮೋಲ್ನಾರ್ ಬರೆದ ಸಿಎಫ್‌ಎಸ್ ಷೆಡ್ಯೂಲರ್ ಒಳಬಂತು. ಒಂದು ಪ್ರೊಸೆಸ್ ಕೋರ್‌ಗೆ ಏರಿದ ಗಳಿಗೆ ಮತ್ತು ಇಳಿದ ಗಳಿಗೆಯನ್ನು ನ್ಯಾನೊಸೆಕೆಂಡಿನ ಲೆಕ್ಕದಲ್ಲಿ ಗುರುತಿಸಿಕೊಂಡು ವ್ಯತ್ಯಾಸವನ್ನು ಕೂಡಿಡುವುದು ಅದರ ಕ್ರಮ. ವಿಂಡೋಸ್ ಕೂಡ ವಿಸ್ಟಾದಿಂದೀಚೆಗೆ ಪ್ರತಿ ಥ್ರೆಡ್, ಎಂದರೆ ಪ್ರೋಗ್ರಾಮಿನೊಳಗಿನ ಒಂದೊಂದು ಕೆಲಸದ ಎಳೆ, ಬಳಸಿದ ಪ್ರೊಸೆಸರ್ ಆವರ್ತಗಳನ್ನು ಎಣಿಸುತ್ತದೆ. ಅಲ್ಲಿಗೆ ಸಮಸ್ಯೆ ಮುಗಿಯಿತು ಎಂದುಕೊಳ್ಳುವವರು ಬಹಳ. ಮುಗಿದದ್ದು ನಿಖರತೆಯ ಸಮಸ್ಯೆ ಮಾತ್ರ, ಅದೂ ಪೂರ್ತಿಯಾಗಿ ಅಲ್ಲ. ಲಿನಕ್ಸಿನ ಸಾಮಾನ್ಯ ಜೋಡಣೆಯಲ್ಲಿ ಒಂದು ಪ್ರೊಸೆಸ್ಸಿನ ಒಟ್ಟು ಸಮಯ ನಿಖರವಾಗಿ ಸಿಗುತ್ತದೆ. ಅದರಲ್ಲಿ ಸ್ವಂತ ಕೆಲಸಕ್ಕೆ ಎಷ್ಟು, ತನಗಾಗಿ ಕರ್ನಲ್ ಮಾಡಿಕೊಟ್ಟ ಕೆಲಸಕ್ಕೆ ಎಷ್ಟು ಎಂಬ ವಿಂಗಡಣೆಯನ್ನು ಮಾತ್ರ ಇವತ್ತಿಗೂ ಟಿಕ್‌ನ ಮಾದರಿಯಿಂದ ಅಂದಾಜು ಮಾಡಿ, ಒಟ್ಟಿಗೆ ಹೊಂದುವಂತೆ ಸರಿದೂಗಿಸಲಾಗುತ್ತದೆ. ಪ್ರೊಸೆಸ್ಸುಗಳ ಮೊತ್ತಕ್ಕೂ ಇಡೀ ಯಂತ್ರದ ಮೊತ್ತಕ್ಕೂ ತಾಳೆಯಾಗದೆ ಹೋದರೆ ಆಶ್ಚರ್ಯಪಡಬೇಕಿಲ್ಲ.

ನಿಖರತೆಗಿಂತ ಜಟಿಲವಾದದ್ದು ಹೊಣೆಯ ಪ್ರಶ್ನೆ. ನೆಟ್‌ವರ್ಕಿನಿಂದ ಒಂದು ಪ್ಯಾಕೆಟ್ ಬಂದು ಬಾಗಿಲು ತಟ್ಟಿದಾಗ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಅದರ ಕಡೆ ತಿರುಗುತ್ತದೆ. ಆ ಗಳಿಗೆಯಲ್ಲಿ ಓಡುತ್ತಿದ್ದ ಪ್ರೋಗ್ರಾಮಿಗೂ ಆ ಪ್ಯಾಕೆಟ್ಟಿಗೂ ಸಂಬಂಧವೇ ಇಲ್ಲದಿರಬಹುದು, ಆದರೂ ಬಿಡಿಸಿ ಬರೆಯುವ ಏರ್ಪಾಡನ್ನು ಕರ್ನಲ್‌ನಲ್ಲಿ ಚಾಲೂ ಮಾಡದಿದ್ದರೆ ಆ ಹೊತ್ತಿನ ಖರ್ಚು ಬೀಳುವುದು ಅದರ ತಲೆಗೆ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೆಲಸ ಒಪ್ಪಿಸಿದರೆ, ಉದಾಹರಣೆಗೆ ನಿಮ್ಮ ವೆಬ್‌ಸೈಟು ಡೇಟಾಬೇಸಿಗೆ ಭಾರೀ ಪ್ರಶ್ನೆಯೊಂದನ್ನು ಕಳಿಸಿದರೆ, ಖರ್ಚು ಕಾಣುವುದು ಡೇಟಾಬೇಸಿನ ಹೆಸರಿನಲ್ಲಿ. ಮಾಡಿದವನಿಗೆ ಬಿಲ್ಲು ಬರುತ್ತದೆ, ಮಾಡಿಸಿದವನಿಗೆ ಬರುವುದಿಲ್ಲ. ಇನ್ನು ಅಲ್ಪಾಯುಷಿಗಳ ಕಥೆ. ದೊಡ್ಡ ತಂತ್ರಾಂಶವೊಂದನ್ನು ಕಂಪೈಲ್ ಮಾಡುವಾಗ ಸಾವಿರಾರು ಪುಟ್ಟ ಪ್ರೊಸೆಸ್ಸುಗಳು ಹುಟ್ಟಿ ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಸಾಯುತ್ತವೆ. ಸೆಕೆಂಡುಗಳಿಗೊಮ್ಮೆ ನೋಡುವ ಟಾಪ್‌ಗೆ ಅವುಗಳಲ್ಲಿ ಬಹಳಷ್ಟು ಸಿಗುವುದೇ ಇಲ್ಲ. ಇಡೀ ಯಂತ್ರ ಶೇ 90 ಬಳಕೆಯಲ್ಲಿದೆ ಎನ್ನುತ್ತದೆ ಮೇಲಿನ ಸಾಲು, ಕೆಳಗಿನ ಪಟ್ಟಿಯಲ್ಲಿ ಅಷ್ಟು ಬಳಸಿದವರು ಯಾರೂ ಇಲ್ಲ. ಸತ್ತ ಮಗುವಿನ ಖರ್ಚು ತಂದೆಯ ಖಾತೆಗೆ ಸೇರಬೇಕಾದರೆ ಆ ತಂದೆ ಕರ್ನಲ್ಲನ್ನು ಕೇಳಿ ಅದರ ಸಾವನ್ನು ದಾಖಲಿಸಿಕೊಳ್ಳಬೇಕು. ಅಷ್ಟಾದರೂ ಅದು ಹೋಗಿ ಕೂರುವುದು ಮಕ್ಕಳ ಬಾಬ್ತು ಎಂಬ ಬೇರೆ ಕಾಲಂನಲ್ಲಿ, ಶೇಕಡಾದಲ್ಲಿ ಅಲ್ಲ.

ಹೊಣೆ ಹೊರಿಸುವುದರಲ್ಲಿ ಆಗುವ ಎಡವಟ್ಟಿಗೆ ನನ್ನ ಮೆಚ್ಚಿನ ಉದಾಹರಣೆ ಆಪಲ್ ಮ್ಯಾಕ್‌ನದು. ಯಂತ್ರ ಬಿಸಿಯಾಗಿ ಫ್ಯಾನು ಮೊರೆಯತೊಡಗಿದಾಗ ಆ್ಯಕ್ಟಿವಿಟಿ ಮಾನಿಟರ್ ತೆರೆದರೆ ಕೆಲವೊಮ್ಮೆ ಕರ್ನಲ್ ಟಾಸ್ಕ್ ಎಂಬ ಹೆಸರು ನೂರಾರು ಶೇಕಡಾ ಬಳಸುತ್ತ ಪಟ್ಟಿಯ ತುದಿಯಲ್ಲಿ ಕೂತಿರುತ್ತದೆ. ಇವನೇ ಕಳ್ಳ ಎಂದು ಯಾರಿಗಾದರೂ ಅನಿಸುತ್ತದೆ, ಅದನ್ನು ಕೊಲ್ಲುವುದು ಹೇಗೆಂದು ಹುಡುಕಾಡುವವರಿಗೂ ಕೊರತೆಯಿಲ್ಲ. ಆಪಲ್ ತಾನೇ ವಿವರಿಸಿರುವಂತೆ, ಪ್ರೊಸೆಸರಿನ ಬಿಸಿ ಹದ್ದುಮೀರದಂತೆ ನೋಡಿಕೊಳ್ಳುವುದು ಅದರ ಕೆಲಸಗಳಲ್ಲೊಂದು. ಅತಿಯಾಗಿ ಬಳಸುತ್ತಿರುವ ಪ್ರೋಗ್ರಾಮುಗಳಿಗೆ ಸಿಪಿಯು ಸಿಗದ ಹಾಗೆ ಜಾಗ ಹಿಡಿದು ಕೂರುವುದೇ ಅದು ಕಂಡುಕೊಂಡ ವಿಧಾನ. ಬೆಂಕಿ ಆರಿಸಲು ಬಂದವನು ಪಟ್ಟಿಯಲ್ಲಿ ಮೊದಲ ಆರೋಪಿ! ಲೆಕ್ಕ ತಪ್ಪಿಲ್ಲ, ಅದರ ಓದು ತಪ್ಪಿದೆ. ಹಾಗೆ ತಪ್ಪಿ ಓದುವಂತೆ ಪ್ರಚೋದಿಸುವುದು ಮಾತ್ರ ಆ ಪಟ್ಟಿಯ ವಿನ್ಯಾಸವೇ.

ಇನ್ನು, ಕೆಲಸ ಎಂದರೆ ಯಾವುದು ಎಂಬ ಪ್ರಶ್ನೆ. ಪ್ರೋಗ್ರಾಮಿಗೆ ಡಿಸ್ಕಿನಿಂದ ಮಾಹಿತಿ ಬೇಕು, ಬರುವುದು ತಡವಾಗುತ್ತದೆ ಎಂದರೆ ಕರ್ನಲ್ ಅದನ್ನು ಕೋರ್‌ನಿಂದ ಇಳಿಸಿ ಬದಿಗೆ ಕೂರಿಸುತ್ತದೆ. ಆ ಕಾಯುವಿಕೆ ಸಿಪಿಯು ಬಳಕೆಯಲ್ಲಿ ಸೇರುವುದಿಲ್ಲ. ಅದೇ ಮಾಹಿತಿ ಮೆಮೊರಿಯಿಂದ ಬರಬೇಕಾಗಿದ್ದು ಪ್ರೊಸೆಸರಿನ ಹತ್ತಿರದ ಕ್ಯಾಶ್‌ನಲ್ಲಿ ಇಲ್ಲದಿದ್ದರೆ ಆಗಲೂ ಕಾಯಲೇಬೇಕು. ನೂರು ನ್ಯಾನೊಸೆಕೆಂಡ್ ಎಂದು ಹಿಡಿದರೆ ಮೂರು ಗಿಗಾಹರ್ಟ್ಸ್ ಕೋರ್‌ಗೆ ಅದು ಮುನ್ನೂರು ಆವರ್ತಗಳ ಸಮಯ. ಅಷ್ಟು ಹೊತ್ತು ಕೋರ್ ಬಹುಮಟ್ಟಿಗೆ ಕೈಕಟ್ಟಿ ನಿಂತಿರಬಹುದು. ಆದರೆ ಈ ಕಾಯುವಿಕೆ ನಡೆಯುವುದು ಪ್ರೊಸೆಸರಿನ ಒಳಗೆ, ಕರ್ನಲ್‌ಗೆ ಅದು ಕಾಣುವುದಿಲ್ಲ. ಆದ್ದರಿಂದ ಇದು ಪೂರ್ತಿ ದುಡಿಮೆ ಎಂದೇ ದಾಖಲಾಗುತ್ತದೆ. ಎರಡೂ ಕಾಯುವಿಕೆಗಳೇ, ಒಂದಕ್ಕೆ ಸೊನ್ನೆ, ಇನ್ನೊಂದಕ್ಕೆ ನೂರು. ಆಗ ನೆಟ್‌ಫ್ಲಿಕ್ಸ್‌ನಲ್ಲಿದ್ದ ಬ್ರೆಂಡನ್ ಗ್ರೆಗ್ 2017ರಲ್ಲಿ ಸಿಪಿಯು ಬಳಕೆ ಎಂಬ ಅಳತೆಯೇ ತಪ್ಪು ಎಂದು ಸಾರಿದ್ದು ಈ ಕಾರಣಕ್ಕೆ. ಒಂದು ಆವರ್ತಕ್ಕೆ ಎಷ್ಟು ಸೂಚನೆಗಳು ಮುಗಿದವು ಎಂಬುದನ್ನು ಪ್ರೊಸೆಸರಿನ ಎಣಿಕೆ ಕೋಶಗಳಿಂದ ಓದಿ ಅದನ್ನೂ ಜೊತೆಗಿಟ್ಟು ನೋಡಿ ಎಂಬುದು ಅವರ ಸಲಹೆ. ಅದು ಕಡಿಮೆಯಿದ್ದರೆ ವೇಗದ ಪ್ರೊಸೆಸರ್ ಕೊಂಡು ಪ್ರಯೋಜನವಿಲ್ಲ, ಪ್ರೋಗ್ರಾಂ ಮೆಮೊರಿಯನ್ನು ಮುಟ್ಟುವ ರೀತಿಯನ್ನು ತಿದ್ದಬೇಕು. ಶೇ 90 ಎಂದು ಓದಿ ಹೆಚ್ಚು ದುಡ್ಡು ಸುರಿದು ಹೊಸ ಯಂತ್ರ ತಂದವರಿಗೆ ಅಲ್ಲಿಯೂ ಶೇ 90 ಕಾಣಬಹುದು.

ಇದರ ತುದಿಯ ಉದಾಹರಣೆ ಡಿಪಿಡಿಕೆ ಎಂಬ ನೆಟ್‌ವರ್ಕ್ ತಂತ್ರಾಂಶ. ಪ್ಯಾಕೆಟ್ ಬಂತೇ ಎಂದು ಅದು ಬಿಡುವಿಲ್ಲದೆ ಸುತ್ತುತ್ತ ಕೇಳುತ್ತಲೇ ಇರುತ್ತದೆ. ಒಂದೂ ಪ್ಯಾಕೆಟ್ ಬಾರದ ನಡುರಾತ್ರಿಯಲ್ಲಿಯೂ, ಪ್ಯಾಕೆಟ್ಟುಗಳ ಪ್ರವಾಹ ನುಗ್ಗುವ ಹೊತ್ತಿನಲ್ಲಿಯೂ ಅದರ ಕೋರ್ ತೋರಿಸುವುದು ಶೇ 100.

ಉಳಿದದ್ದು ಛೇದದ ಗೋಜಲು. ಸಾಮಾನ್ಯ ಓದುಗರಿಗೆ ಹೆಚ್ಚು ತಟ್ಟುವುದು ಇದೇ. ಇಂಟೆಲ್ 2002ರಿಂದ ಮಾರುಕಟ್ಟೆಗೆ ತಂದ ಹೈಪರ್‌ಥ್ರೆಡಿಂಗ್‌ನಲ್ಲಿ ಒಂದು ನಿಜವಾದ ಕೋರ್ ಎರಡಾಗಿ ಕಾಣಿಸಿಕೊಳ್ಳುತ್ತದೆ. ನಾಲ್ಕು ಕೋರಿನ ಯಂತ್ರದಲ್ಲಿ ಎಂಟು ಕಾಣುತ್ತವೆ. ನಾಲ್ಕು ಭಾರೀ ಕೆಲಸಗಳು ನಾಲ್ಕು ನಿಜ ಕೋರ್‌ಗಳನ್ನು ಹಿಡಿದರೆ ತೆರೆಯ ಮೇಲೆ ಶೇ 50. ಇನ್ನರ್ಧ ಬಾಕಿ ಇದೆ ಎಂದು ಯಾರಾದರೂ ಓದುತ್ತಾರೆ. ಇನ್ನೂ ನಾಲ್ಕು ಕೆಲಸ ಹೇರಿದರೆ ಸಂಖ್ಯೆ ಶೇ 100ಕ್ಕೆ ಹೋಗುತ್ತದೆ, ಮುಗಿಯುವ ಕೆಲಸ ಮಾತ್ರ ಇಮ್ಮಡಿಯಾಗುವುದಿಲ್ಲ, ಅದರ ಹತ್ತಿರಕ್ಕೂ ಬರುವುದಿಲ್ಲ. ಫೋನುಗಳಲ್ಲಿ ಇನ್ನೊಂದು ಬಗೆ. ಆರ್ಮ್ ಕಂಪನಿ 2011ರಲ್ಲಿ ಪ್ರಕಟಿಸಿದ ವಿನ್ಯಾಸದಂತೆ ಇಂದಿನ ಹೆಚ್ಚಿನ ಫೋನುಗಳಲ್ಲಿ ದೊಡ್ಡ ಕೋರ್‌ಗಳೂ ಚಿಕ್ಕ ಕೋರ್‌ಗಳೂ ಒಟ್ಟಿಗಿವೆ. ಚಿಕ್ಕದರ ನೂರು, ದೊಡ್ಡದರ ನೂರಕ್ಕೆ ಸಮವಲ್ಲ. ಅಲ್ಲದೆ ಬ್ಯಾಟರಿ ಉಳಿಸಲು ಪ್ರತಿ ಕೋರ್‌ನ ವೇಗ ಗಳಿಗೆಗೊಮ್ಮೆ ಏರಿಳಿಯುತ್ತದೆ. ನಿಧಾನಗೊಂಡ ಕೋರ್‌ನಲ್ಲಿ ಶೇ 80 ಎಂದು ಕಂಡ ಕೆಲಸವೇ ವೇಗ ಹೆಚ್ಚಿದಾಗ ಶೇ 30 ಆಗಬಹುದು, ಕೆಲಸ ಒಂದಿಷ್ಟೂ ಬದಲಾಗದೆ. ಅಂದಹಾಗೆ, ಆ್ಯಂಡ್ರಾಯ್ಡ್ 8ರಿಂದೀಚೆಗೆ ಸಾಮಾನ್ಯ ಆ್ಯಪ್‌ಗಳಿಗೆ ಇಡೀ ಫೋನಿನ ಸಿಪಿಯು ಲೆಕ್ಕದ ಕಡತವನ್ನು ಓದಲು ಬಿಡುವುದಿಲ್ಲ. ಆ ಏರಿಳಿತ ನೋಡಿಕೊಂಡು ಬಳಕೆದಾರರು ಏನು ಮಾಡುತ್ತಿದ್ದಾರೆಂದು ಊಹಿಸಬಹುದೆಂಬ ಆತಂಕ ಬಹುಕಾಲದಿಂದ ಇತ್ತು. ಹೊಸ ಫೋನಿನಲ್ಲಿಯೂ ಒಟ್ಟು ಸಿಪಿಯು ಶೇಕಡಾ ಎಂದು ತೋರಿಸುವ ಆ್ಯಪ್ ಸಿಕ್ಕಿದರೆ ಆ ಸಂಖ್ಯೆ ಎಲ್ಲಿಂದ ಬಂತೆಂದು ವಿಚಾರಿಸುವುದು ಒಳ್ಳೆಯದು.

ವೇಗದ ಏರಿಳಿತವನ್ನೂ ಲೆಕ್ಕಕ್ಕೆ ಸೇರಿಸಿದರಾಯಿತಲ್ಲ ಎನ್ನಬಹುದು. ಮೈಕ್ರೋಸಾಫ್ಟ್ 2012ರಲ್ಲಿ ವಿಂಡೋಸ್ 8ರಲ್ಲಿ ಅದನ್ನೇ ಮಾಡಿತು. ಟಾಸ್ಕ್ ಮ್ಯಾನೇಜರಿನ ಮೊದಲ ಪುಟ, ಪ್ರೊಸೆಸರ್ ತನ್ನ ಮೂಲ ವೇಗಕ್ಕೆ ಹೋಲಿಸಿದರೆ ಎಷ್ಟು ಕೆಲಸ ಮಾಡಿತು ಎಂದು ಹೇಳತೊಡಗಿತು. ಮೂಲ ವೇಗವನ್ನು ಮೀರಿ, ಟರ್ಬೊ ವೇಗದಲ್ಲಿ ಓಡುವ ಪ್ರೊಸೆಸರಿಗೆ ಈ ಲೆಕ್ಕದಲ್ಲಿ ನೂರಕ್ಕಿಂತ ಹೆಚ್ಚು ಬರುತ್ತದೆ. ನೂರಿಪ್ಪತ್ತು ಎಂದು ತೋರಿಸಿದರೆ ಜನ ಗಾಬರಿಯಾಗುತ್ತಾರೆಂದೋ ಏನೋ, ನೂರಕ್ಕೆ ಕತ್ತರಿಸಿ ತೋರಿಸಿದರು. ಅದೇ ಟಾಸ್ಕ್ ಮ್ಯಾನೇಜರಿನ ವಿವರಗಳ ಪುಟ ಮಾತ್ರ ಹಳೆಯ ಸಮಯದ ಲೆಕ್ಕವನ್ನೇ ಮುಂದುವರಿಸಿತು. ಒಂದೇ ಕಿಟಕಿಯ ಎರಡು ಪುಟಗಳು ಒಂದೇ ಪ್ರೋಗ್ರಾಮಿಗೆ ಎರಡು ಸಂಖ್ಯೆ ಹೇಳುವ ಸ್ಥಿತಿ ಹನ್ನೆರಡು ವರ್ಷಕ್ಕೂ ಮೀರಿ ನಡೆಯಿತು. 2025ರಲ್ಲಿ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಎಲ್ಲ ಪುಟಗಳನ್ನೂ ಸಮಯದ ಲೆಕ್ಕಕ್ಕೆ ತಂದು, ಇನ್ನೊಂದು ಸಂಖ್ಯೆ ಬೇಕೆನ್ನುವವರಿಗೆ ಐಚ್ಛಿಕ ಕಾಲಂ ಆಗಿ ಉಳಿಸಿತು. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ತೀರ್ಮಾನ. ಎರಡರಲ್ಲಿ ಸಮಯದ ಲೆಕ್ಕವೇ ಹೆಚ್ಚು ಸತ್ಯ ಎಂದು ಹೀಗೆ ಹೇಳುತ್ತಿಲ್ಲ. ಒಂದೇ ತಲೆಬರಹದ ಕೆಳಗೆ ಎರಡು ಅರ್ಥ ಇರಬಾರದು, ಅಷ್ಟೇ.

ಮೋಡದ ಮೇಲಿನ ಬಾಡಿಗೆ ಯಂತ್ರಗಳಿಗೆ ಬಂದರೆ ಛೇದವನ್ನು ಹಿಡಿಯುವುದೇ ಕಷ್ಟ. ನಿಮ್ಮ ವರ್ಚುಯಲ್ ಯಂತ್ರ ಓಡಲು ಸಿದ್ಧವಾಗಿದ್ದೂ ನಿಜ ಯಂತ್ರ ಬೇರೆಯವರ ಸೇವೆಯಲ್ಲಿದ್ದರೆ ಆ ನಷ್ಟವಾದ ಹೊತ್ತು ಲಿನಕ್ಸಿನಲ್ಲಿ ಸ್ಟೀಲ್ ಎಂಬ ಕಾಲಂಗೆ ಹೋಗುತ್ತದೆ, ಕೆಳಗಿನ ವರ್ಚುಯಲೈಸೇಶನ್ ತಂತ್ರಾಂಶ, ಎಂದರೆ ಹೈಪರ್‌ವೈಸರ್ ಹೇಳಿದರೆ ಮಾತ್ರ. ಒಂದೇ ಕರ್ನಲ್ ಮೇಲೆ ಪ್ರೋಗ್ರಾಮುಗಳನ್ನು ಬೇರೆ ಬೇರೆಯಾಗಿ ಕಟ್ಟಿಡುವ ಕಂಟೇನರುಗಳಲ್ಲಿ ಇನ್ನೂ ಕುತೂಹಲಕರವಾದದ್ದು ನಡೆಯುತ್ತದೆ. ಒಂದು ಕಂಟೇನರಿಗೆ ಒಂದು ಸಿಪಿಯು ಮಿತಿ ಹಾಕಿದಿರಿ ಎನ್ನಿ. ಲಿನಕ್ಸ್ ಇದನ್ನು ಸಾಮಾನ್ಯವಾಗಿ ನೂರು ಮಿಲಿಸೆಕೆಂಡಿನ ಕಂತುಗಳಲ್ಲಿ ಜಾರಿ ಮಾಡುತ್ತದೆ, ಒಂದು ಕಂತಿಗೆ ನೂರು ಮಿಲಿಸೆಕೆಂಡ್ ಸಿಪಿಯು ಸಮಯ. ಒಳಗಿನ ಪ್ರೋಗ್ರಾಂ ಎಂಟು ಥ್ರೆಡ್‌ಗಳನ್ನು ಎಂಟು ಕೋರ್‌ಗಳಲ್ಲಿ ಒಟ್ಟಿಗೆ ಓಡಿಸಿದರೆ ಹನ್ನೆರಡೂವರೆ ಮಿಲಿಸೆಕೆಂಡಿನಲ್ಲಿ ಪಡಿ ಖಾಲಿ. ಉಳಿದ ಎಂಬತ್ತೇಳೂವರೆ ಮಿಲಿಸೆಕೆಂಡ್ ಅದನ್ನು ಕಟ್ಟಿ ಕೂರಿಸಲಾಗುತ್ತದೆ. ಸೆಕೆಂಡಿಗೊಮ್ಮೆ ಮಾತ್ರ ಹೀಗೆ ಕೆಲಸ ಬರುವುದಾದರೆ ಆ ಕಂಟೇನರಿನ ಬಳಕೆ ಮಿತಿಯ ಶೇ 10ರ ಸುತ್ತಮುತ್ತ ಎಂದೇ ಮಾನಿಟರಿಂಗ್ ಫಲಕದಲ್ಲಿ ಕಾಣುತ್ತದೆ. ಉತ್ತರಕ್ಕಾಗಿ ಕಾದಿರುವ ಗ್ರಾಹಕನಿಗೆ ಮಾತ್ರ ಪ್ರತಿ ಸಲವೂ ತಡ. ಶೇ 10 ಬಳಸುತ್ತಿರುವ ಪ್ರೋಗ್ರಾಮಿಗೆ ಸಿಪಿಯು ಸಾಲುತ್ತಿಲ್ಲ ಎಂದರೆ ಮೇಲಧಿಕಾರಿಗಳು ನಂಬುವುದು ಕಷ್ಟ. ನಂಬಿಸಬೇಕಾದರೆ ಎಷ್ಟು ಕಂತುಗಳಲ್ಲಿ ತಡೆ ಬಿತ್ತು ಎಂಬ ಇನ್ನೊಂದು ಎಣಿಕೆಯನ್ನು ಹುಡುಕಿ ತೋರಿಸಬೇಕು. ಇದರ ಮೇಲೆ, ಕಂಟೇನರುಗಳನ್ನು ನಿರ್ವಹಿಸುವ ಕುಬರ್ನೆಟಿಸ್ ಎಂಬ ತಂತ್ರಾಂಶ, ಅವುಗಳ ಪ್ರತಿಗಳನ್ನು ತಾನಾಗಿ ಹೆಚ್ಚಿಸುವಾಗ, ನೀವು ಮೊದಲೇ ಕೋರಿಕೊಂಡ ಪ್ರಮಾಣವನ್ನು ನೂರು ಎಂದು ಹಿಡಿಯುತ್ತದೆ. ಕೋರಿದ್ದು ಕೋರ್‌ನ ಐದನೇ ಒಂದು ಪಾಲು, ಬಳಸಿದ್ದು ಹತ್ತರಲ್ಲಿ ಮೂರು ಪಾಲು ಎಂದಾದರೆ ಅದರ ಲೆಕ್ಕಕ್ಕೆ ಶೇ 150. ಕೋರಿಕೆಯ ಅಂಕಿಯನ್ನು ಒಂದು ವರ್ಷದ ಹಿಂದೆ ಯಾರೋ ಅಂದಾಜಿನಲ್ಲಿ ಬರೆದಿದ್ದರೆ, ತಿಂಗಳ ಬಾಡಿಗೆಯನ್ನು ನಿರ್ಧರಿಸುತ್ತಿರುವುದು ಆ ಅಂದಾಜೇ.

ಇಷ್ಟೆಲ್ಲ ಹೇಳಿದ ಮೇಲೆ ಎದುರುವಾದವನ್ನೂ ಕೇಳಬೇಕು. ಲ್ಯಾಪ್‌ಟಾಪ್ ನಿಧಾನವಾದಾಗ ಒಂದು ಪಟ್ಟಿ ತೆರೆದು, ಮೇಲ್ತುದಿಯಲ್ಲಿರುವ ಪ್ರೋಗ್ರಾಮನ್ನು ಮುಚ್ಚಿ, ಕೆಲಸಕ್ಕೆ ಮರಳಬೇಕೆನ್ನುವವರಿಗೆ ಕ್ಯಾಶ್, ಟರ್ಬೊ, ಕಂತು ಎಂದು ಪಾಠ ಹೇಳುವುದು ಹಿಂಸೆ. ಒಂದೇ ಸಂಖ್ಯೆ ಇರಲಿ, ಒರಟಾದರೂ ಸರಿ, ಎಂಬುದು ಅವರ ಬೇಡಿಕೆ, ಅದು ನ್ಯಾಯವಾದದ್ದು. ಡೇವ್ ಪ್ಲಮರ್ ಬರೆದ ವಿಂಡೋಸ್ ಟಾಸ್ಕ್ ಮ್ಯಾನೇಜರ್ ಇಷ್ಟು ವರ್ಷ ಕೋಟ್ಯಂತರ ಜನರಿಗೆ ಉಪಯೋಗವಾದದ್ದು ಆ ಸರಳತೆಯಿಂದಲೇ. ಹೋಲಿಕೆಗೆ ಸಂಖ್ಯೆ ಒರಟಾಗಿದ್ದರೆ ನಡೆಯುತ್ತದೆ. ಒಂದೇ ಯಂತ್ರದಲ್ಲಿ, ಒಂದೇ ಅವಧಿಯಲ್ಲಿ, ಒಂದೇ ಛೇದದಿಂದ ತೆಗೆದ ಎರಡು ಶೇಕಡಾಗಳಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಸರಿಯೇ. ಹೊರಗಿನ ಮಿತಿಗೆ, ಎಂದರೆ ಸಾಮರ್ಥ್ಯಕ್ಕೆ, ಬೆಲೆಗೆ, ಇನ್ನೊಂದು ಯಂತ್ರಕ್ಕೆ ಹೋಲಿಸಲು ಹೊರಟಾಗ ಅದು ಕೈಕೊಡುತ್ತದೆ. ಸುಮ್ಮನೆ ಕೂತ ಸಮಯವನ್ನು ಸಿಸ್ಟಮ್ ಐಡಲ್ ಪ್ರೊಸೆಸ್ ಎಂಬ ಹೆಸರಿನಲ್ಲಿ ಶೇ 97 ಎಂದು ಟಾಸ್ಕ್ ಮ್ಯಾನೇಜರ್ ತೋರಿಸಿದ್ದನ್ನು ನೋಡಿ, ಇದ್ಯಾವುದೋ ವೈರಸ್ ಎಂದು ಹೆದರಿದವರು ಒಂದು ಕಾಲದಲ್ಲಿ ಕಡಿಮೆಯೇನಿರಲಿಲ್ಲ. ಆ ಬಳಕೆದಾರರನ್ನು ನೋಡಿ ನಕ್ಕ ಎಂಜಿನಿಯರುಗಳು ಇವತ್ತು ಶೇ 70 ದಾಟಿದರೆ ಹತ್ತು ಯಂತ್ರ ಸೇರಿಸು ಎಂದು ನಿಯಮ ಬರೆದು, ಆ 70 ಯಾವುದರ 70 ಎಂದು ಕೇಳದೆ ಮನೆಗೆ ಹೋಗುತ್ತಾರೆ.

ಹಾಗಾದರೆ ಏನು ತೋರಿಸಬೇಕು? ಮೊದಲು ಸಮಯ. ಈ ಪ್ರೊಸೆಸ್ ಇಷ್ಟು ಸೆಕೆಂಡ್ ಸಿಪಿಯು ಬಳಸಿದೆ ಎಂಬುದು ಕರ್ನಲ್‌ನಲ್ಲಿ ಕೂಡುತ್ತಲೇ ಹೋಗುವ ಮೊತ್ತ. ಅದಕ್ಕೆ ಛೇದವಿಲ್ಲ, ಅವಧಿಯ ಆಯ್ಕೆಯಿಲ್ಲ. ಮೆಮೊರಿಗಾಗಿ ಕಾದದ್ದನ್ನೂ ಅದು ದುಡಿಮೆ ಎಂದೇ ಎಣಿಸುತ್ತದೆ ನಿಜ, ಆದರೂ ಅದರಿಂದ ತೆಗೆಯುವ ಶೇಕಡಾದಷ್ಟು ಊಹೆಗಳು ಅದರೊಳಗೆ ಸೇರಿಲ್ಲ. ಒಂದು ಕೋರಿಕೆಯನ್ನು ಪೂರೈಸಲು ಎಷ್ಟು ಮಿಲಿಸೆಕೆಂಡ್ ಸಿಪಿಯು ಸಮಯ ಹಿಡಿಯಿತು ಎಂದು ಬರೆದಿಟ್ಟುಕೊಳ್ಳುವ ತಂಡಕ್ಕೆ, ಹೊಸ ಆವೃತ್ತಿ ಹಳೆಯದಕ್ಕಿಂತ ದುಬಾರಿಯೋ ಅಗ್ಗವೋ ಎಂದು ಅದೇ ಯಂತ್ರದ ಮೇಲೆ ನೇರವಾಗಿ ಗೊತ್ತಾಗುತ್ತದೆ. ಸಾಮರ್ಥ್ಯ ಎಷ್ಟೆಂದು ತಿಳಿಯಬೇಕಾದರೆ ಶೇಕಡಾವನ್ನು ನೋಡಿ ಊಹಿಸುವ ಬದಲು ಹೊರೆ ಹೇರಿ ನೋಡಬೇಕು, ಉತ್ತರ ತಡವಾಗತೊಡಗುವುದು ಎಲ್ಲಿ ಎಂದು ಗುರುತಿಸಬೇಕು. ಇದಕ್ಕೆ ಯಾವ ಅಡ್ಡದಾರಿಯೂ ನನಗೆ ಕಂಡಿಲ್ಲ.

ಶೇಕಡಾ ಬೇಕೇ ಬೇಕು ಎನ್ನುವಲ್ಲಿ ಮಾನಿಟರಿಂಗ್ ಫಲಕಗಳನ್ನು ಕಟ್ಟುವವರಲ್ಲಿ ಒಂದು ಕೋರಿಕೆ. ಆ ಸಂಖ್ಯೆಯ ಪಕ್ಕದಲ್ಲಿಯೇ, ಚಿಕ್ಕ ಅಕ್ಷರದಲ್ಲಾದರೂ ಸರಿ, ನೂರು ಎಂದರೆ ಏನು ಎಂದು ಬರೆಯಿರಿ: ಒಂದು ಕೋರೋ, ಎಲ್ಲ ಕೋರ್‌ಗಳೋ, ಕಂಟೇನರಿನ ಮಿತಿಯೋ, ಕೋರಿಕೊಂಡ ಪ್ರಮಾಣವೋ. ಎಷ್ಟು ಸೆಕೆಂಡುಗಳ ಸರಾಸರಿ ಎಂದೂ ಬರೆಯಿರಿ. ಒಂದು ಗೆರೆಯಷ್ಟು ಜಾಗ ಹಿಡಿಯುತ್ತದೆ.